ಯಾರೂ ಮುಂದೆ ಬಾರದ ಮಕ್ಕಳನ್ನು ದತ್ತು ತಗೊಂಡರೆ ಸರ್ಕಾರದ ನೆರವು ಏನಿದೆ? ಗೊತ್ತಿದ್ದವರು ತಿಳಿಸಿ

ಮಂಡಗದ್ದೆ ತೋಟ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ತುಂಬಾ ದಿನದಿಂದ ಮಾತಾಡಿಕೊಂಡು ಬಂದ ವಿಚಾರ ಇದು. ನಮಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಎಸ್ಸೆಸ್ಸೆಲ್ಸಿ, ಚಿಕ್ಕವಳು ಆರನೇ ಕ್ಲಾಸು. ಇನ್ನೊಂದು ಮಗುವನ್ನು ದತ್ತು ತಗೊಳ್ಳುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ವಿಚಾರಿಸಿದಾಗ ಗೊತ್ತಾಯಿತು, 2022ರ ದತ್ತು ನಿಯಮಾವಳಿ ಪ್ರಕಾರ ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯದ ಮಕ್ಕಳು ಅಥವಾ ಬೇರೆ ಯಾರೂ ಒಪ್ಪದ ಮಕ್ಕಳನ್ನು ಮಾತ್ರ ಕೊಡುತ್ತಾರೆ. ನಾವು ಅದಕ್ಕೆ ತಯಾರಿದ್ದೇವೆ. ಹೆಂಡತಿಯ ಮನಸ್ಸು ಮೊದಲಿನಿಂದಲೂ ಅಂಥ ಮಗುವಿನ ಕಡೆಗೇ ಇತ್ತು.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹತೋಟಿ ತಪ್ಪುವ ಸ್ಥಿತಿ) ಇರುವ, ಐದಾರು ವರ್ಷದ ಮಕ್ಕಳ ಬಗ್ಗೆ ಯೋಚಿಸುತ್ತಿದ್ದೇವೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯುವಂಥವರು, ಮಾತು ಸ್ವಲ್ಪ ತಡ, ಬುದ್ಧಿಗೆ ಏನೂ ಕೊರತೆ ಇಲ್ಲ. ಡಾಕ್ಟರ ಹತ್ತಿರ ಕೇಳಿದೆವು. ಫಿಸಿಯೋಥೆರಪಿ ವರ್ಷಗಟ್ಟಲೆ ನಡೆಯಬೇಕು, ಮಗು ಬೆಳೆದ ಹಾಗೆ ಕಾಲಿನ ಸ್ಪ್ಲಿಂಟ್ ಬದಲಿಸುತ್ತಾ ಹೋಗಬೇಕು, ಮುಂದೆ ಆಪರೇಷನ್ ಬೇಕಾದರೂ ಆಗಬಹುದು ಅಂದರು. ಎರಡೂವರೆ ಎಕರೆ ಅಡಿಕೆ ನಮ್ಮದು. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಹೇಗಿದೆ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಗುವನ್ನು ಕರೆತಂದ ಮೇಲೆ ದುಡ್ಡಿಲ್ಲ ಅಂತ ಥೆರಪಿ ನಿಲ್ಲಿಸುವ ಹಾಗೆ ಆದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಹಾಗಾಗಿ ನೇರವಾಗಿಯೇ ಕೇಳುತ್ತಿದ್ದೇನೆ, ಇಂಥ ಕುಟುಂಬಕ್ಕೆ ಸರ್ಕಾರ ತಿಂಗಳಿಗೆ ಇಷ್ಟು ಅಂತ ಏನಾದರೂ ಕೊಡುತ್ತದೆಯೇ?

ಹೊಸನಗರದ ಹಿರಿಯ

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ, ದೇವರು ಒಳ್ಳೆಯದು ಮಾಡಲಿ. ಆದರೆ ದುಡ್ಡಿನ ಮಾತು ಕೇಳಿ ನನಗೆ ಸ್ವಲ್ಪ ಭಯವಾಯಿತು. ನಮ್ಮ ಕಾಲದಲ್ಲಿ ಮಕ್ಕಳಿಲ್ಲದ ಮನೆಯವರು ಅಣ್ಣನ ಮಗನನ್ನೋ ತಂಗಿಯ ಮಗನನ್ನೋ ದತ್ತು ತಗೊಳ್ಳುತ್ತಿದ್ದರು. ಹೋಮ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸಿದರೆ ಮುಗಿಯಿತು. ಅದು ಬೇರೆ. ಇನ್ನೊಂದೂ ಇತ್ತು, ಅದನ್ನು ಈಗ ಯಾರೂ ಹೇಳುವುದಿಲ್ಲ. 'ಸಾಕ್ತೇವೆ' ಅಂತ ಬಡವರ ಮನೆಯ ಮಕ್ಕಳನ್ನು ಕರೆದುಕೊಂಡು ಬಂದು ದನ ಕಾಯಲಿಕ್ಕೆ, ಕೊಟ್ಟಿಗೆ ಬಳಿಯಲಿಕ್ಕೆ ಹಚ್ಚುತ್ತಿದ್ದರು. ಊಟ, ಬಟ್ಟೆ ಕೊಟ್ಟರೆ ಪುಣ್ಯ ಬಂತು ಅಂತ ಲೆಕ್ಕ. ಮನೆ ಮಕ್ಕಳು ಶಾಲೆಗೆ ಹೋದರೆ ಇವರು ಹಟ್ಟಿಯಲ್ಲಿ. ನಾನು ಕಣ್ಣಾರೆ ಕಂಡಿದ್ದೇನೆ. ತಿಂಗಳಿಗೆ ಸರ್ಕಾರದ ದುಡ್ಡು ಬರುತ್ತದೆ ಅಂದರೆ ಅಂಥವರು ಮತ್ತೆ ಹುಟ್ಟಿಕೊಳ್ಳುವುದಿಲ್ಲ ಅಂತ ಏನು ಗ್ಯಾರಂಟಿ?

ಹಳೇ ಸದಸ್ಯೆ, ಶಿವಮೊಗ್ಗ

ಮಂಡಗದ್ದೆಯವರೆ, ನಾನು ಮಕ್ಕಳ ಕಲ್ಯಾಣ ಸಮಿತಿಯೊಂದರಲ್ಲಿ ಅವಧಿ ಮುಗಿಸಿದವಳು. ಗೊತ್ತಿರುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಇಲ್ಲ. ವಿಶೇಷ ಅಗತ್ಯದ ಮಗುವನ್ನು ದತ್ತು ತಗೊಂಡ ಕುಟುಂಬಕ್ಕೆ ಅಂತಲೇ ತಿಂಗಳ ಮಾಸಾಶನ ಕೊಡುವ ಕೇಂದ್ರ ಯೋಜನೆ ನಮ್ಮಲ್ಲಿಲ್ಲ. ದತ್ತು ಆದೇಶ ಆದ ಕ್ಷಣದಿಂದ ಮಗು ಎಲ್ಲ ರೀತಿಯಲ್ಲೂ ನಿಮ್ಮದೇ. ಹೆತ್ತ ಮಗುವಿಗಿರುವ ಹಕ್ಕು, ಆಸ್ತಿ, ಹೆಸರು ಎಲ್ಲವೂ ಅದಕ್ಕಿದೆ. 2015ರ ಬಾಲನ್ಯಾಯ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ, ನಾನು ಅದನ್ನು ತುಂಬಾ ಮೆಚ್ಚುತ್ತೇನೆ. ಆದರೆ ಅದೇ ಕ್ಷಣದಿಂದ ಮಗುವಿನ ಖರ್ಚಿನಲ್ಲಿ ಸರ್ಕಾರ ಕೈ ತೊಳೆದುಕೊಂಡ ಹಾಗೂ ಆಗುತ್ತದೆ.

ವಿಚಿತ್ರ ನೋಡಿ. ಅದೇ ಮಗುವನ್ನು ನೀವು ದತ್ತು ತಗೊಳ್ಳದೆ ಪೋಷಕತ್ವದಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿ ಇಟ್ಟುಕೊಂಡರೆ 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಪ್ರಕಾರ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಪ್ರಾಯೋಜಕತ್ವ ಅಂತ ಇನ್ನೊಂದಿದೆ, ಅದೂ 4,000. ಅದು ಮುಖ್ಯವಾಗಿ ವಿಧವೆ ತಾಯಿಯ ಮಕ್ಕಳು, ಸಂಬಂಧಿಕರ ಮನೆಯಲ್ಲಿ ಬೆಳೆಯುವ ತಬ್ಬಲಿಗಳು, ದುಡಿಯಲಾರದಷ್ಟು ಕಾಯಿಲೆ ಬಿದ್ದ ತಂದೆತಾಯಿಯ ಮಕ್ಕಳಿಗೆ. ಅದಕ್ಕೆ ಆದಾಯ ಮಿತಿ ಇದೆ, ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000. ದತ್ತು ಕುಟುಂಬ ಅಂತ ಅದರಲ್ಲಿ ಪ್ರತ್ಯೇಕ ವರ್ಗ ಇಲ್ಲ. ಮಗು ಪಾಲನಾ ಸಂಸ್ಥೆಯಲ್ಲಿದ್ದರೂ ಸರ್ಕಾರವೇ ಖರ್ಚು ಮಾಡುತ್ತದೆ. ಮಗುವಿಗೆ ಶಾಶ್ವತವಾಗಿ ಒಂದು ಮನೆ ಸಿಕ್ಕ ದಿನವೇ ಎಲ್ಲವೂ ನಿಲ್ಲುತ್ತದೆ. ಫಾಸ್ಟರ್ ಕುಟುಂಬ ಆ ಮಗುವನ್ನೇ ದತ್ತು ತಗೊಳ್ಳಲು ಮುಂಚೆ ಐದು ವರ್ಷ ಕಾಯಬೇಕಿತ್ತು, 2024ರ ಮಾದರಿ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಒಳ್ಳೆಯ ಬದಲಾವಣೆ. ಆದರೆ ಕೂಲಿ ಮಾಡುವ ಮನೆಯವರು ಯೋಚಿಸುತ್ತಾರಲ್ಲ, ದತ್ತು ಮಾಡಿಕೊಂಡರೆ ನಾಲ್ಕು ಸಾವಿರ ಹೋಗುತ್ತದೆ, ಮಾಡಿಕೊಳ್ಳದಿದ್ದರೆ ಮಗುವಿನ ಭವಿಷ್ಯಕ್ಕೆ ಭದ್ರತೆ ಇಲ್ಲ ಅಂತ. ಆ ಇಕ್ಕಟ್ಟಿಗೆ ಅವರನ್ನು ತಳ್ಳಬಾರದು.

ಹಾಗಂತ ಕೈ ಖಾಲಿ ಅಂದುಕೊಳ್ಳಬೇಡಿ. ದತ್ತಿನ ಹೆಸರಲ್ಲಿ ಸಿಗದಿದ್ದರೂ ಮಗುವಿನ ಹೆಸರಲ್ಲಿ ಬೇರೆ ಬೇರೆ ಇಲಾಖೆಯಿಂದ ಸಿಗುವುದು ಸಾಕಷ್ಟಿದೆ. ಅದನ್ನು ಅನುಭವಿಸಿದವರೇ ಹೇಳಿದರೆ ಚೆನ್ನ.

ಹಿರಿಯರೆ, ನಿಮ್ಮ ಭಯ ನನಗೂ ಇತ್ತು. ಈಗ ದತ್ತು ಕೊಡುವ ಮೊದಲು ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಮಗು ಬಂದ ಮೇಲೆ ಆರು ತಿಂಗಳಿಗೊಮ್ಮೆ, ಎರಡು ವರ್ಷ, ಬಂದು ನೋಡುತ್ತಾರೆ. ಐದು ವರ್ಷ ದಾಟಿದ ಮಗುವಾದರೆ ಅದರ ಒಪ್ಪಿಗೆಯೂ ಬೇಕು. ನೀವು ಕಂಡ ಕಾಲದಲ್ಲಿ ಆ ಮಕ್ಕಳನ್ನು ಯಾರೂ ಏನೂ ಕೇಳಲಿಲ್ಲ.

ಸಾಗರದ ಅಮ್ಮ

ನಮ್ಮ ಮಗಳು ನಾಲ್ಕು ವರ್ಷದವಳಿದ್ದಾಗ ಮನೆಗೆ ಬಂದಳು. ಕಿವಿ ಕೇಳಿಸುವುದಿಲ್ಲ. ಈಗ ಹೈಸ್ಕೂಲು.

ಮೊದಲು ಮಾಡಬೇಕಾದ್ದು ಯು.ಡಿ.ಐ.ಡಿ. ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅದೊಂದಿಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ. ದತ್ತು ಆದೇಶ ಬಂದು, ಹೊಸ ಜನನ ಪ್ರಮಾಣಪತ್ರ ಕೈಗೆ ಸಿಕ್ಕ ಕೂಡಲೇ ಆಧಾರ್, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಅದರ ಜೊತೆಗೇ ಇದಕ್ಕೆ ಅರ್ಜಿ. ಸಂಸ್ಥೆಯಲ್ಲಿದ್ದಾಗಲೇ ಮಗುವಿಗೆ ಕಾರ್ಡು ಮಾಡಿಸಿದ್ದರೆ ಹೆಸರು, ತಂದೆತಾಯಿ ವಿವರ ಬದಲಿಸಬೇಕು. ನಮಗೆ ಇಲ್ಲೇ ತಡವಾಯಿತು. ಒಂದು ಕಚೇರಿಯಲ್ಲಿ ಒಂದು ಹೆಸರು, ಇನ್ನೊಂದು ಕಚೇರಿಯಲ್ಲಿ ಇನ್ನೊಂದು. ಎಲ್ಲ ಕಾಗದದಲ್ಲೂ ಒಂದೇ ಕಾಗುಣಿತ ಇರುವ ಹಾಗೆ ನೋಡಿಕೊಳ್ಳಿ.

ಶ್ರವಣ ಸಾಧನ ನಮಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಿಕ್ಕಿತು. ನಿಮ್ಮ ಮಗುವಿಗೆ ಬೇಕಾಗುವ ಸ್ಪ್ಲಿಂಟ್, ವಾಕರ್, ಗಾಲಿಕುರ್ಚಿ ಕೂಡ ಅದರಲ್ಲೇ ಬರುತ್ತವೆ. ಶಿಬಿರ ಮಾಡಿ ಅಳತೆ ತಗೊಳ್ಳುತ್ತಾರೆ. ಮಕ್ಕಳು ಬೆಳೆಯುವ ವೇಗಕ್ಕೂ ಶಿಬಿರ ನಡೆಯುವ ವೇಗಕ್ಕೂ ಹೊಂದುವುದಿಲ್ಲ ಅನ್ನುವುದೊಂದು ಕಷ್ಟ. ಸ್ಪ್ಲಿಂಟ್ ಬಿಗಿಯಾದರೆ ಕಾಯಬೇಡಿ, ಕೈಯಿಂದ ಹಾಕಿಯಾದರೂ ಮಾಡಿಸಿಬಿಡಿ. ಬಿಗಿ ಸ್ಪ್ಲಿಂಟ್ ಹಾಕಿದ ಕಾಲು ಹುಣ್ಣಾದರೆ ಮಗು ಮತ್ತೆ ಹಾಕಿಸಿಕೊಳ್ಳಲಿಕ್ಕೇ ಒಪ್ಪುವುದಿಲ್ಲ.

ಸೆರೆಬ್ರಲ್ ಪಾಲ್ಸಿಗೆ ನಿರಾಮಯ ವಿಮೆ ಇದೆ, ನಮಗೆ ಇರಲಿಲ್ಲ. ಅದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬರುವ ನಾಲ್ಕು ಸ್ಥಿತಿಗಳಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ. ವರ್ಷಕ್ಕೆ 1 ಲಕ್ಷದವರೆಗೆ. ಆಪರೇಷನ್ ಮಾತ್ರವಲ್ಲ, ಹೊರರೋಗಿ ಚಿಕಿತ್ಸೆ, ಥೆರಪಿಗೂ ಬರುತ್ತದೆ. ವೈದ್ಯಕೀಯ ಪರೀಕ್ಷೆ ಮಾಡಿ 'ಮೊದಲೇ ಕಾಯಿಲೆ ಇತ್ತು' ಅಂತ ತಳ್ಳಿಹಾಕುವ ಹಾಗಿಲ್ಲ. ಖಾಸಗಿ ವಿಮೆಯವರು ನಮ್ಮಂಥ ಮಕ್ಕಳ ಅರ್ಜಿ ನೋಡಿದಾಗ ಮುಖ ತಿರುಗಿಸುವುದು ನೆನಪಾದರೆ ಇದು ದೊಡ್ಡದು. ಬಿಲ್ಲು, ಡಾಕ್ಟರ ಚೀಟಿ ಎಲ್ಲ ಜೋಪಾನ ಮಾಡಿ.

ದುಡ್ಡಿಗಿಂತ ಹೆಚ್ಚು ಸಹಾಯ ಆದದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆ. ತಾಯಂದಿರನ್ನೂ ಮಕ್ಕಳ ಜೊತೆ ಕೂರಿಸಿ ಕಲಿಸುತ್ತಾರೆ. ನಾನು ಅಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಮಗಳ ಜೊತೆ ಇದ್ದೆ. ಆ ದಿನಗಳಲ್ಲಿ ನನ್ನ ಟೈಲರಿಂಗ್ ನಿಂತಿತು, ಮನೆಯವರು ಸಾಗರದಲ್ಲಿ ಒಬ್ಬರೇ. ಥೆರಪಿ ಉಚಿತ ಇದ್ದರೂ ಕೋಣೆ ಬಾಡಿಗೆ, ಎರಡು ಅಡುಗೆಮನೆ, ನಿಂತುಹೋದ ಸಂಪಾದನೆ ಯಾವ ಯೋಜನೆಯ ಲೆಕ್ಕದಲ್ಲೂ ಇಲ್ಲ. ತಿಂಗಳಿಗೆ ಒಂದಿಷ್ಟು ಬರುತ್ತಿದ್ದರೆ ಬಂಗಾರ ಒತ್ತೆ ಇಡಬೇಕಿರಲಿಲ್ಲ. ಹಿರಿಯರೆ, ಸಿಟ್ಟಲ್ಲ ನನ್ನದು. ಆದರೆ ನೆರವು ಕೇಳುವವರನ್ನೆಲ್ಲ ದುಡ್ಡಿಗೆ ಬಂದವರು ಅಂತ ನೋಡಬೇಡಿ.

ಹೊಸನಗರದ ಹಿರಿಯ

ತಂಗೀ, ನಿನ್ನ ಬಗ್ಗೆ ಅಂದದ್ದಲ್ಲ. ನಿನ್ನ ಮಗಳು ಹೈಸ್ಕೂಲು ಮುಟ್ಟಿದ್ದು ಓದಿ ಸಂತೋಷವಾಯಿತು. ನಾನು ಹೇಳಿದ ಮಕ್ಕಳಲ್ಲಿ ಒಬ್ಬ ನನ್ನ ಸರೀಕ. ಅವನಿಗೆ ಕೊನೆಯವರೆಗೂ ಸಹಿ ಹಾಕಲು ಬರಲಿಲ್ಲ. ಅದಕ್ಕೆ ಅಂದೆ.

ತೀರ್ಥಹಳ್ಳಿ ಕಡೆಯ ವಿ.ಆರ್.ಡಬ್ಲ್ಯು.

ಮಂಡಗದ್ದೆ ಅಣ್ಣ, ನಮ್ಮನ್ನು ಮರೀಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದೇವೆ. ಯು.ಡಿ.ಐ.ಡಿ. ಅರ್ಜಿ, ನಾಡಕಚೇರಿಯಲ್ಲಿ ಅಂಗವಿಕಲರ ಪೋಷಣಾ ವೇತನದ ಅರ್ಜಿ ಎಲ್ಲಕ್ಕೂ ಜೊತೆಗೆ ಬರುತ್ತೇವೆ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೇ ಖರ್ಚು ಮಾಡಬೇಕು. ಅದರಲ್ಲಿ ಸಾಧನ ಸಲಕರಣೆ, ಚಿಕಿತ್ಸೆ ಖರ್ಚು ಕೇಳಬಹುದು. ಮೊತ್ತ ಸಣ್ಣದೇ, ಆದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ.

ಶಾಲೆಗೆ ಬಂದರೆ, ಪ್ರತಿ ಬ್ಲಾಕಿನಲ್ಲೂ ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಬಿ.ಆರ್.ಸಿ.ಯಲ್ಲಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಕೇಳಿ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ಅವಕಾಶವೂ ಇದೆ. ಆದರೆ ನಿಮ್ಮ ಮಗು ನಡೆಯುತ್ತದೆ ಅಂತೀರಿ, ಶಾಲೆಗೇ ಕಳಿಸಿ ಮಾರಾಯ್ರೆ. ಮಳೆಗಾಲದಲ್ಲಿ ಕಾಲುಸಂಕ ದಾಟಬೇಕಾದ ದಾರಿ ಇದ್ದರೆ ಅದನ್ನು ಈಗಲೇ ಪಂಚಾಯಿತಿಗೆ ಬರೆದುಕೊಡಿ. ಸ್ಪ್ಲಿಂಟ್ ಹಾಕಿದ ಮಗುವಿಗೆ ಪಾಚಿ ಕಟ್ಟಿದ ಅಡಿಕೆ ದಬ್ಬೆ ಮೇಲೆ ಹೆಜ್ಜೆ ಇಡಲು ಆಗುವುದಿಲ್ಲ.

ಭದ್ರಾವತಿ ಬ್ಯಾಂಕ್

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಮರೆತಿದ್ದೀರಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇ. 30, ಒಟ್ಟು 1.5 ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯಲ್ಲಿ ಮಗುವಿನ ಹೆಸರನ್ನು ಸೇರಿಸಿ. 18 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಆರ್.ಬಿ.ಎಸ್.ಕೆ. ಅನ್ನುವ ಆರೋಗ್ಯ ತಪಾಸಣೆ ಕಾರ್ಯಕ್ರಮ ಇದೆ, 2013ರಲ್ಲಿ ಶುರುವಾದದ್ದು. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳುತುಟಿ, ತಿರುಚಿದ ಪಾದ, ಬೆಳವಣಿಗೆಯ ವಿಳಂಬ ಎಲ್ಲ ಅದರಲ್ಲಿ ಬರುತ್ತವೆ. ಅಂಗನವಾಡಿಗೆ, ಶಾಲೆಗೆ ಬರುವ ತಂಡದವರ ಹತ್ತಿರವೇ ಕೇಳಬಹುದು. ತೆರಿಗೆ ಕಟ್ಟುವವರಿದ್ದರೆ ಹಳೆಯ ಪದ್ಧತಿಯಲ್ಲಿ ಅಂಗವಿಕಲ ಮಗುವಿಗಾಗಿ 75,000, ತೀವ್ರ ಅಂಗವೈಕಲ್ಯವಾದರೆ 1,25,000 ಕಡಿತ ಸಿಗುತ್ತದೆ.

ರಜೆಯ ವಿಚಾರವನ್ನು ಯಾರೂ ಎತ್ತಲಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ ದತ್ತು ತಾಯಿಗೆ 12 ವಾರ ರಜೆ ಅಂದರು, ಆದರೆ ಮಗು ಮೂರು ತಿಂಗಳೊಳಗಿನದಾಗಿರಬೇಕು ಅಂತ ಬರೆದರು. ಹೆತ್ತವರು ಒಪ್ಪಿಸಿದ ಮಗುವಾದರೆ ಅವರಿಗೆ ಮನಸ್ಸು ಬದಲಿಸಲು 60 ದಿನ ಕೊಡಬೇಕು. ಆಮೇಲೆ ಸಮಿತಿ ಮಗುವನ್ನು ದತ್ತಿಗೆ ಮುಕ್ತ ಅಂತ ಘೋಷಿಸಬೇಕು, ಆಮೇಲೆ ಕುಟುಂಬ ಹೊಂದಿಸಬೇಕು. ಇಷ್ಟೆಲ್ಲ ಆಗುವಾಗ ಮೂರು ತಿಂಗಳು ಎಲ್ಲಿ ಉಳಿದಿರುತ್ತದೆ? ಆ ವಯಸ್ಸಿನ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಅರ್ಜಿ ಹೋಯಿತು. ಆರು ವರ್ಷದ ಮಗುವಿಗೆ ಹೊಸ ಮನೆ, ಹೊಸ ಭಾಷೆ, ಹೊಸ ಅಪ್ಪ ಅಮ್ಮ. ಅಂಥ ಮಗುವಿನ ಹತ್ತಿರ ಯಾರಾದರೂ ಕೂರಬೇಕಲ್ಲ? ನನ್ನ ಸಹೋದ್ಯೋಗಿಯೊಬ್ಬರು ಗಳಿಕೆ ರಜೆ ಪೂರ್ತಿ ಖಾಲಿ ಮಾಡಿ, ಆಮೇಲೆ ಸಂಬಳವಿಲ್ಲದ ರಜೆ ಹಾಕಿದರು.

ಶೃಂಗೇರಿಯವ, ಒಹಾಯೊ

ಊರು ಬಿಟ್ಟು ಬಹಳ ವರ್ಷವಾಯಿತು, ಆದರೂ ಈ ಚರ್ಚೆ ಓದಿ ಸುಮ್ಮನಿರಲಾಗಲಿಲ್ಲ. ನಾವಿಬ್ಬರೂ ಇಲ್ಲಿನ ಫಾಸ್ಟರ್ ವ್ಯವಸ್ಥೆಯಿಂದ ಎಂಟು ವರ್ಷದ ಹುಡುಗಿಯೊಬ್ಬಳನ್ನು ದತ್ತು ತಗೊಂಡಿದ್ದೇವೆ. ಇಲ್ಲಿ ಹೇಗೆ ಮಾಡಿದ್ದಾರೆ ಅಂತ ಹೇಳುತ್ತೇನೆ, ಹೋಲಿಸಿ ನೋಡಲಿಕ್ಕೆ.

ನ್ಯೂಯಾರ್ಕ್ ರಾಜ್ಯ 1968ರಲ್ಲೇ ಸಹಾಯಧನದ ದತ್ತು ಶುರು ಮಾಡಿತು. 1980ರಲ್ಲಿ ಕೇಂದ್ರದ ಕಾಯ್ದೆಯೇ ಬಂತು, ಸಾಮಾಜಿಕ ಭದ್ರತಾ ಕಾಯ್ದೆಯ ನಾಲ್ಕು ಇ ಭಾಗದಡಿ ದತ್ತು ನೆರವು. ಆಗ ಎದ್ದಿದ್ದ ಪ್ರಶ್ನೆಯೂ ನೀವು ಇಲ್ಲಿ ಮಾತಾಡುತ್ತಿರುವುದೇ. ಮಗುವನ್ನು ವರ್ಷಗಟ್ಟಲೆ ಸಾಕಿದ ಫಾಸ್ಟರ್ ಕುಟುಂಬಕ್ಕೆ ದತ್ತು ತಗೊಳ್ಳುವ ಆಸೆ, ಆದರೆ ತಗೊಂಡರೆ ಬರುತ್ತಿದ್ದ ಹಣ ನಿಲ್ಲುತ್ತದೆ. ಆ ತಡೆ ತೆಗೆಯಲಿಕ್ಕೇ ಕಾಯ್ದೆ ಮಾಡಿದರು.

ಯಾವ ಮಗುವಿಗೆ ಅಂದರೆ, ಹೆತ್ತವರ ಬಳಿಗೆ ಹಿಂದಿರುಗಲಾಗದ ಮಗು, ಮತ್ತು ವಯಸ್ಸು, ಅಂಗವೈಕಲ್ಯ, ಕಾಯಿಲೆ, ಒಡಹುಟ್ಟಿದವರು ಜೊತೆಗಿರುವುದು, ಜನಾಂಗ ಇಂಥ ಕಾರಣದಿಂದ ನೆರವಿಲ್ಲದೆ ಮನೆ ಸಿಗುವುದು ಕಷ್ಟ ಅಂತ ರಾಜ್ಯ ತೀರ್ಮಾನಿಸಿದ ಮಗು. ನೆರವಿಲ್ಲದೆಯೇ ಕುಟುಂಬ ಹುಡುಕುವ ಪ್ರಯತ್ನ ಮೊದಲು ಮಾಡಿರಬೇಕು. ಅರ್ಹತೆಗೆ ದತ್ತು ಪೋಷಕರ ಆದಾಯ ನೋಡುವುದಿಲ್ಲ. ಮೊತ್ತ ಎಷ್ಟು ಅಂತ ಮಗುವಿನ ಅಗತ್ಯ, ಮನೆಯ ಪರಿಸ್ಥಿತಿ ಎರಡನ್ನೂ ಇಟ್ಟುಕೊಂಡು ಕೂತು ಮಾತಾಡಿ ಒಪ್ಪಂದ ಬರೆಯುತ್ತಾರೆ. ಒಂದು ಮಿತಿ ಇದೆ: ಅದೇ ಮಗು ಫಾಸ್ಟರ್ ಮನೆಯಲ್ಲಿದ್ದರೆ ಎಷ್ಟು ಬರುತ್ತಿತ್ತೋ ಅದಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಹಿರಿಯರ ಆತಂಕಕ್ಕೆ ಇದು ಸ್ವಲ್ಪ ಉತ್ತರ ಅಂದುಕೊಂಡಿದ್ದೇನೆ, ದತ್ತು ತಗೊಂಡರೆ ಲಾಭ ಅನ್ನುವ ಲೆಕ್ಕವೇ ಹುಟ್ಟುವುದಿಲ್ಲ. ಜೊತೆಗೆ ಮೆಡಿಕೇಡ್ ಅನ್ನುವ ಸರ್ಕಾರಿ ಆರೋಗ್ಯ ರಕ್ಷಣೆ, ಕೋರ್ಟು ವಕೀಲರ ಖರ್ಚಿಗೆ ಒಮ್ಮೆ 2,000 ಡಾಲರ್‌ವರೆಗೆ. ನೆರವು 18 ವರ್ಷದವರೆಗೆ, ಅಂಗವೈಕಲ್ಯ ಇದ್ದರೆ 21ರವರೆಗೂ ಮುಂದುವರಿಸಬಹುದು. ಇದಲ್ಲದೆ ಕೇಂದ್ರದ ತೆರಿಗೆ ರಿಯಾಯಿತಿ, 2025ಕ್ಕೆ ಒಂದು ಮಗುವಿಗೆ 17,280 ಡಾಲರ್‌ವರೆಗೆ. ಅದರಲ್ಲಿ 5,000ದವರೆಗೆ ತೆರಿಗೆ ಕಟ್ಟಬೇಕಿಲ್ಲದವರಿಗೂ ಕೈಗೆ ಬರುತ್ತದೆ.

ಒಂದು ವಿಷಯ ಒತ್ತಿ ಹೇಳಬೇಕು. ಒಪ್ಪಂದಕ್ಕೆ ಸಹಿ ಆಗಬೇಕಾದ್ದು ಅಂತಿಮ ದತ್ತು ಆದೇಶಕ್ಕಿಂತ ಮೊದಲು. ಆಮೇಲೆ ಕೇಳಿದರೆ ತುಂಬಾ ಕಷ್ಟ. ನಮ್ಮ ಮಗಳಿಗೆ ಮೊದಲ ವರ್ಷ ಏನೂ ಕಾಣಲಿಲ್ಲ, ಎರಡನೇ ವರ್ಷದಲ್ಲಿ ರಾತ್ರಿ ಕಿರುಚಿ ಏಳುವುದು, ಊಟ ಬಚ್ಚಿಡುವುದು ಶುರುವಾಯಿತು. ಆಗ ಕೌನ್ಸೆಲಿಂಗ್ ಖರ್ಚನ್ನು ನಮ್ಮ ಕೈಯಿಂದಲೇ ಕೊಡಬೇಕಾಗಿದ್ದರೆ ಮಧ್ಯದಲ್ಲೇ ಬಿಡುತ್ತಿದ್ದೆವೇನೋ. ಇಲ್ಲಿಯ ವ್ಯವಸ್ಥೆ ಎಲ್ಲ ಸರಿಯಾಗಿದೆ ಅನ್ನುತ್ತಿಲ್ಲ. ಒಳ್ಳೆಯ ಥೆರಪಿಸ್ಟ್ ಸಿಗಲು ಇಲ್ಲೂ ತಿಂಗಳುಗಟ್ಟಲೆ ಕಾಯಬೇಕು, ರಾಜ್ಯದಿಂದ ರಾಜ್ಯಕ್ಕೆ ಮೊತ್ತ ಬೇರೆ. ಆದರೆ ನೆರವು ಮಗುವಿನ ಹಿಂದೆಯೇ ಮನೆಯೊಳಗೆ ಬರುತ್ತದೆ.

ನಿರ್ವಾಹಕರು

ಒಂದು ವಿನಂತಿ. ಯಾವುದೇ ಮಗುವಿನ ಫೋಟೊ, ಹೆಸರು, ಇರುವ ಸಂಸ್ಥೆ, ಗುರುತು ಸಿಗುವಂಥ ವಿವರ ಇಲ್ಲಿ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ನಿಷೇಧಿಸುತ್ತದೆ. 'ನಮ್ಮ ಕಡೆ ಒಬ್ಬರು ಮಗು ಕೊಡಲು ತಯಾರಿದ್ದಾರೆ' ಅಂತ ಬಂದ ಒಂದು ಬರಹವನ್ನು ತೆಗೆದಿದ್ದೇವೆ.

ಹಳೇ ಸದಸ್ಯೆ, ಶಿವಮೊಗ್ಗ

ತೆಗೆದಿದ್ದು ಒಳ್ಳೆಯದಾಯಿತು. ಆಸ್ಪತ್ರೆ ಬಾಗಿಲಲ್ಲಿ, ಪರಿಚಯದವರ ಮೂಲಕ ಮಗು ತಗೊಳ್ಳುವುದು ಅಪರಾಧ. ಕಾನೂನಿನ ದಾರಿ ಬಿಟ್ಟು ಇಂಥ ಮಗುವನ್ನು ಕೊಟ್ಟವರಿಗೂ ತಗೊಂಡವರಿಗೂ ಮೂರು ವರ್ಷದವರೆಗೆ ಜೈಲು, 1 ಲಕ್ಷ ದಂಡ ಅಥವಾ ಎರಡೂ ಆಗಬಹುದು. ಕಾಡಿನಂಚಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಗು ಸಿಕ್ಕರೆ 1098ಕ್ಕೆ ಫೋನ್ ಮಾಡಿ. ಸಾಕಲಾಗದ ತಾಯಿ ಯಾರಾದರೂ ಇದ್ದರೆ ಸಮಿತಿಯ ಮುಂದೆ ಬರಲಿ, ಅವರ ಗುರುತು ಹೊರಗೆ ಹೋಗುವುದಿಲ್ಲ.

ಒಹಾಯೊದವರು ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಹಣದ ಮೊತ್ತಕ್ಕಿಂತ 'ಮೊದಲೇ ಬರೆದ ಒಪ್ಪಂದ'. ನಮ್ಮಲ್ಲಿ ಕುಟುಂಬಕ್ಕೆ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಕೊಡುತ್ತೇವೆ. 'ಈ ಮಗುವಿಗೆ ಮುಂದಿನ ಹತ್ತು ವರ್ಷದಲ್ಲಿ ಇಂತಿಂಥದು ಬೇಕಾಗುತ್ತದೆ, ಅದರಲ್ಲಿ ಇಂಥದ್ದನ್ನು ಈ ಇಲಾಖೆ ಕೊಡುತ್ತದೆ' ಅಂತ ಒಂದು ಹಾಳೆ ಕೊಡುವುದಿಲ್ಲ. ಅದಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಬಜೆಟ್ಟೂ ಬೇಡ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಅಂಗವಿಕಲರ ಕಲ್ಯಾಣ ಇಲಾಖೆ, ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ ನಾಲ್ವರೂ ಒಂದೇ ಜಿಲ್ಲಾಧಿಕಾರಿಯ ಕೆಳಗೆ ಬರುತ್ತಾರೆ. 2021ರ ತಿದ್ದುಪಡಿಯ ನಂತರ, 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರೂ ಕೋರ್ಟಿನ ಬದಲು ಜಿಲ್ಲಾಧಿಕಾರಿಯೇ. ಆದೇಶಕ್ಕೆ ಸಹಿ ಹಾಕುವ ಕೈಯೇ ಉಳಿದ ಮೂರು ಇಲಾಖೆಗೂ ಒಂದು ಪತ್ರ ಬರೆದರೆ ಸಾಗರದ ಅಮ್ಮನಂಥವರು ಕಚೇರಿ ಕಚೇರಿ ಅಲೆಯುವುದು ತಪ್ಪುತ್ತದೆ.

2024–25ರಲ್ಲಿ ದೇಶದಲ್ಲಿ 4,515 ದತ್ತುಗಳಾದವು, ಹನ್ನೆರಡು ವರ್ಷಗಳಲ್ಲೇ ಹೆಚ್ಚು. ಅದರಲ್ಲಿ 4,155 ದೇಶದೊಳಗೆ. ಸಾಲಿನಲ್ಲಿ ಕಾಯುತ್ತಿರುವ ದಂಪತಿಗಳು ಅದರ ಎಷ್ಟೋ ಪಟ್ಟು, ಬಹುಪಾಲು ಎಲ್ಲರೂ ಕೇಳುವುದು ಎರಡು ವರ್ಷದೊಳಗಿನ ಆರೋಗ್ಯವಂತ ಕೂಸು. ಇತ್ತ ಕಾಲು ಎಳೆಯುವ ಮಗು, ಏಳು ವರ್ಷದ ಹುಡುಗ, ಬೇರ್ಪಡಿಸಲಾಗದ ಅಣ್ಣ ತಂಗಿ ಸಂಸ್ಥೆಯಲ್ಲೇ ಬೆಳೆಯುತ್ತಾರೆ. ಅಂಥವರನ್ನು ಒಪ್ಪಿ ಕರೆದುಕೊಂಡು ಹೋಗುವವರಲ್ಲಿ ವಿದೇಶಿಯರೇ ಹೆಚ್ಚು. ಅವರ ಮನಸ್ಸು ದೊಡ್ಡದು, ನಿಜ. ಆದರೆ ಅವರ ಹಿಂದೆ ಅವರ ಊರಿನ ಆಸ್ಪತ್ರೆ, ಶಾಲೆ, ವಿಮೆ ಕೂಡ ನಿಂತಿರುತ್ತವೆ. ನಮ್ಮವರಿಗೆ ಮನಸ್ಸಿಲ್ಲ ಅಂತ ಹೇಳುವ ಮೊದಲು ನಮ್ಮವರ ಹಿಂದೆ ಏನು ನಿಲ್ಲಿಸಿದ್ದೇವೆ ಅಂತ ಕೇಳಿಕೊಳ್ಳಬೇಕು.

ಇಬ್ಬರಲ್ಲಿ ದೊಡ್ಡವನು

ಇಷ್ಟು ಹೊತ್ತು ಓದುತ್ತಾ ಇದ್ದೆ. ನಾನು, ನನ್ನ ತಂಗಿ ದತ್ತು ಹೋದವರು. ನನಗೆ ಆಗ ಒಂಬತ್ತು, ಅವಳಿಗೆ ಐದು. ಸೊರಬ ತಾಲೂಕಿನ ಒಂದು ಮನೆ, ಅಪ್ಪನಿಗೆ ಸಣ್ಣ ಅಂಗಡಿ.

ಒಬ್ಬಳನ್ನೇ ಒಯ್ಯಲು ಮೊದಲು ಬೇರೆಯವರು ಬಂದಿದ್ದರು. ತಂಗಿ ಚಿಕ್ಕವಳು, ಚೆಂದ ಇದ್ದಳು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಇವರು ಬಂದು ಇಬ್ಬರನ್ನೂ ಕೇಳಿದರು. ಆಮೇಲೆ ಗೊತ್ತಾಯಿತು, ಒಬ್ಬರನ್ನೇ ಸಾಕಲು ಕೂಡ ಕಷ್ಟ ಅಂತ ನೆಂಟರೆಲ್ಲ ಹೇಳಿದ್ದರಂತೆ. ನನಗೆ ಓದಲು ಬರುತ್ತಿರಲಿಲ್ಲ. ಒಂಬತ್ತು ವರ್ಷದವನನ್ನು ಒಂದನೇ ಕ್ಲಾಸಿನ ಪಾಠಕ್ಕೆ ಕೂರಿಸಿ ಅಮ್ಮ ಕಲಿಸಿದರು. ಟ್ಯೂಷನ್ನಿಗೆ ಕೊಡಲು ದುಡ್ಡು ಇರಲಿಲ್ಲ ಅಂತ ಅವರಿಗೆ ಈಗಲೂ ಬೇಜಾರಿದೆ.

ಹಿರಿಯರು ಕೇಳಿದ್ದಕ್ಕೆ ನನ್ನ ಮಾತು. ನೆರವು ಬಂದರೆ ಮಗುವಿಗೆ ಹೇಗನ್ನಿಸುತ್ತದೆ ಅಂತ ಯೋಚಿಸಿ ನಿಯಮ ಮಾಡಿ. ಊರಲ್ಲಿ ಯಾರಾದರೂ 'ನಿಮಗೇನು, ಸರ್ಕಾರ ಕೊಡ್ತದಲ್ಲ' ಅಂದರೆ ಅದು ಮೊದಲು ಚುಚ್ಚುವುದು ಮಗುವಿಗೆ. ಹತ್ತು ವರ್ಷದ ಹುಡುಗನಿಗೆ ಇವೆಲ್ಲ ಅರ್ಥವಾಗುತ್ತವೆ. ಆದ್ದರಿಂದ ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಫಲಾನುಭವಿ ಪಟ್ಟಿ ಅಂತ ಹೆಸರು ಹಚ್ಚಬಾರದು. ನಗದು ಕಡಿಮೆ ಇದ್ದರೂ ಪರವಾಗಿಲ್ಲ, ಓದು, ಚಿಕಿತ್ಸೆ, ಕೌನ್ಸೆಲಿಂಗ್ ಎಲ್ಲ ಖಚಿತವಾಗಿ ಸಿಗಬೇಕು. ಕೊನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತಾಡಲು ಯಾರಾದರೂ ಬೇಕಿತ್ತು. ಅಪ್ಪ ಅಮ್ಮನಿಗೆ ಹೇಳಿದರೆ ಅವರಿಗೆ ನೋವಾಗುತ್ತದೆ ಅಂತ ಸುಮ್ಮನಿದ್ದೆ. ತಾಲೂಕು ಮಟ್ಟದಲ್ಲಿ ತಿಂಗಳಿಗೆ ಒಮ್ಮೆ ಒಬ್ಬ ಆಪ್ತಸಮಾಲೋಚಕರು ಬಂದು ಕೂತರೂ ಸಾಕಿತ್ತು.

ಮಂಡಗದ್ದೆ ಅಣ್ಣ, ನಿಮ್ಮ ಹೆಣ್ಣುಮಕ್ಕಳನ್ನೂ ಮಗು ನೋಡಲು ಹೋಗುವಾಗ ಕರೆದುಕೊಂಡು ಹೋಗಿ. ಮಗು ಮೊದಲು ಮಾತಾಡುವುದು ಅವರ ಹತ್ತಿರವೇ.

ಹೊಸನಗರದ ಹಿರಿಯ

ಮಗಾ, ನಿನ್ನ ಮಾತು ಮನಸ್ಸಿಗೆ ತಟ್ಟಿತು. ನಗದು ಬೇಡ ಅನ್ನುವುದರಲ್ಲಿ ನಾನು ಹಟ ಹಿಡಿಯುವುದಿಲ್ಲ. ಕೊಡುವುದಾದರೆ ಮಗುವಿನ ಹೆಸರಿನ ಖಾತೆಗೆ ಕೊಡಲಿ, ವರ್ಷಕ್ಕೊಮ್ಮೆಯಾದರೂ ಯಾರಾದರೂ ಬಂದು ಮಗುವನ್ನೇ ಮಾತಾಡಿಸಿ ಹೋಗಲಿ. ಎರಡು ವರ್ಷಕ್ಕೆ ನೋಡುವುದು ನಿಲ್ಲಬಾರದು.

ಸಾಗರದ ಅಮ್ಮ

ಖಾತೆ ಮಗುವಿನ ಹೆಸರಲ್ಲಿರಲಿ, ಆದರೆ ಹದಿನೆಂಟರವರೆಗೆ ಮುಟ್ಟುವ ಹಾಗಿಲ್ಲ ಅಂತ ಮಾಡಬೇಡಿ. ಖರ್ಚು ಇರುವುದು ಈಗ. ಬಸ್ಸನ್ನೇ ತಗೊಳ್ಳಿ. ಶಕ್ತಿ ಯೋಜನೆಯಲ್ಲಿ ತಾಯಿಗೆ ಸರ್ಕಾರಿ ಬಸ್ ಉಚಿತ, ಸರಿ. ನಮ್ಮ ಒಳಭಾಗಕ್ಕೆ ಓಡುವುದು ಹೆಚ್ಚು ಖಾಸಗಿ ಬಸ್ಸು. ಮಳೆ ಜೋರಾದರೆ ಅದೂ ಇಲ್ಲ, ಆಟೊ ಮಾಡಬೇಕು. ಶಿವಮೊಗ್ಗಕ್ಕೆ ಥೆರಪಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಊಟ, ಆಟೊ ಎಲ್ಲ ಸೇರುತ್ತದೆ. ಬೆಂಗಳೂರಿನವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಭದ್ರಾವತಿ ಬ್ಯಾಂಕ್

ಅದಕ್ಕೆ ದಾರಿ ಇದೆ. ಮೈನರ್ ಖಾತೆಯನ್ನು ತಂದೆತಾಯಿಯೇ ನಿರ್ವಹಿಸಬಹುದು. ತೆಗೆದ ಹಣಕ್ಕೆ ವರ್ಷದ ಕೊನೆಗೆ ಒಂದು ಸರಳ ಲೆಕ್ಕ ಕೊಟ್ಟರೆ ಸಾಕು.

ಮಂಡಗದ್ದೆ ತೋಟ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಹೆಂಡತಿ ಕೂತು ಎಲ್ಲ ಓದಿದಳು, ದೊಡ್ಡವನ ಬರಹವನ್ನು ಮಕ್ಕಳಿಗೂ ಓದಿಸಿದಳು. ದತ್ತು ಪೋರ್ಟಲಿನಲ್ಲಿ ನೋಂದಣಿ ಮಾಡಿದ್ದೇವೆ. ನಮ್ಮಿಬ್ಬರ ವಯಸ್ಸು ಸೇರಿ 87 ಆಗುತ್ತದೆ. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಂಪತಿಯ ಒಟ್ಟು ವಯಸ್ಸು 100ರವರೆಗೆ ಇರಬಹುದಂತೆ, ಹಾಗಾಗಿ ತೊಂದರೆಯಿಲ್ಲ. ಮಕ್ಕಳ ರಕ್ಷಣಾ ಘಟಕಕ್ಕೂ ಹೋಗಿ ಬಂದೆವು. ಗೃಹ ಅಧ್ಯಯನಕ್ಕೆ ಬರುತ್ತೇವೆ ಅಂದಿದ್ದಾರೆ. ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲು ಬಂದರೆ ಅನುಕೂಲ ಅಂತ ಕೇಳಿಕೊಂಡಿದ್ದೇನೆ. ಶಾಲೆ ದಾರಿಯ ಸಂಕದ ಅರ್ಜಿಯನ್ನೂ ಪಂಚಾಯಿತಿಗೆ ಕೊಟ್ಟಾಯಿತು.

ಒಂದು ಕೋರಿಕೆ. ಇಲ್ಲಿ ಬಂದ ಮಾತುಗಳನ್ನು ಸೇರಿಸಿ ಜಿಲ್ಲಾಧಿಕಾರಿಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೂ ಒಂದು ಮನವಿ ಕೊಡೋಣವೇ? ನಮ್ಮ ಮನೆಗೆ ಮಗು ಬರುವಾಗ ಇದು ಆಗಿರುತ್ತದೋ ಇಲ್ಲವೋ, ಮುಂದಿನವರಿಗಾದರೂ ಬೇಕಲ್ಲ.

ಹಳೇ ಸದಸ್ಯೆ, ಶಿವಮೊಗ್ಗ

ಖಂಡಿತ. ಕರಡು ಹೀಗೆ ಬರೆದಿದ್ದೇನೆ, ತಿದ್ದಿ.

'ಮಾನ್ಯರೆ, ವಿಶೇಷ ಅಗತ್ಯದ ಮಕ್ಕಳು, ಐದು ವರ್ಷ ಮೀರಿದ ಮಕ್ಕಳು ಹಾಗೂ ಒಟ್ಟಿಗೆ ಇರಬೇಕಾದ ಒಡಹುಟ್ಟಿದವರನ್ನು ದತ್ತು ಪಡೆದ ಕುಟುಂಬಗಳ ಪರವಾಗಿ ಈ ಮನವಿ. ಪೋಷಕತ್ವದಲ್ಲಿರುವ ಮಗುವಿಗೆ ಮಿಷನ್ ವಾತ್ಸಲ್ಯದಡಿ ಸಿಗುವ ತಿಂಗಳ ನೆರವು ಅದೇ ಮಗು ದತ್ತು ಹೋದ ಕಾರಣಕ್ಕೆ ನಿಲ್ಲದೆ, ಮಗುವಿನ ಖಾತೆಗೆ 18 ವರ್ಷದವರೆಗೆ ಮುಂದುವರಿಯಬೇಕು. ಇದಕ್ಕೆ ಕೇಂದ್ರದ ಒಪ್ಪಿಗೆ ಬೇಕಾದರೆ, ಅಲ್ಲಿಯವರೆಗೆ ರಾಜ್ಯ ತನ್ನ ನಿಧಿಯಿಂದ ಕೊಡಬೇಕು. ದತ್ತು ಆದೇಶದ ಜೊತೆಯಲ್ಲೇ ಮಗುವಿನ ಮುಂದಿನ ಅಗತ್ಯಗಳನ್ನೂ ಆಯಾ ಇಲಾಖೆಯ ಹೊಣೆಯನ್ನೂ ಬರೆದ ಪತ್ರವನ್ನು ಕುಟುಂಬಕ್ಕೆ ಕೊಡಬೇಕು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ನಿಗದಿತ ದಿನ ಫಿಸಿಯೋಥೆರಪಿ, ವಾಕ್ ಚಿಕಿತ್ಸೆ ಹಾಗೂ ಆಪ್ತಸಮಾಲೋಚನೆ ಸಿಗಬೇಕು. ಎರಡು ವರ್ಷದ ನಂತರವೂ ವರ್ಷಕ್ಕೊಮ್ಮೆ ಮಗುವನ್ನು ಭೇಟಿಯಾಗಿ ಮಾತಾಡಿಸಬೇಕು. ಈ ಕುಟುಂಬಗಳ ಹೆಸರನ್ನು ಯಾವ ಸಾರ್ವಜನಿಕ ಪಟ್ಟಿಯಲ್ಲೂ ಪ್ರಕಟಿಸಬಾರದು.'

ತಾಲೂಕು ಆಸ್ಪತ್ರೆಯ ವಿಚಾರದಲ್ಲಿ ಈಗ ಎಲ್ಲೆಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರೆ, ಯಾವ ದಿನ ಸಿಗುತ್ತಾರೆ ಅನ್ನುವುದು ಮನವಿಯ ಜೊತೆಗಿದ್ದರೆ ತೂಕ ಬರುತ್ತದೆ. ಸೊರಬ, ಶಿಕಾರಿಪುರ, ಹೊಸನಗರದವರು ನಿಮ್ಮ ನಿಮ್ಮ ಆಸ್ಪತ್ರೆಯಲ್ಲಿ ಕೇಳಿ ಭಾನುವಾರದೊಳಗೆ ಇಲ್ಲಿ ಬರೆಯಿರಿ. ಸಾಗರದ್ದನ್ನು ಅಮ್ಮ ನೋಡಿಕೊಳ್ಳಲಿ.

ಹೊಸನಗರದ ಹಿರಿಯ

ಹೊಸನಗರದ್ದು ನಾನು ನಾಳೆಯೇ ಹೋಗಿ ಕೇಳಿಕೊಂಡು ಬರುತ್ತೇನೆ. ಸಹಿಗೆ ನನ್ನ ಹೆಸರನ್ನೂ ಬರೆದುಕೊಳ್ಳಿ.